ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಕಾಣುವುದಿಲ್ಲ: ಮ್ಯೂಸಿಕ್ ಪ್ಲೇಯರ್ ದುರಸ್ತಿಯ ಟಿಪ್ಪಣಿ

ಹಾರ್ಡ್‌ವೇರ್ ಕಲಿಯುವವರಲ್ಲಿ ಹಲವರು ಈ ಪಾಠವನ್ನು ಹಾರಿಸಿ ಮುಂದೆ ಹೋಗುತ್ತಾರೆ. ಮೊಬೈಲ್ ಇರುವಾಗ ಹಾಡು ಕೇಳಲು ಬೇರೆ ಯಂತ್ರ ಯಾರಿಗೆ ಬೇಕು ಎಂಬುದು ಅವರ ವಾದ. 2001ರ ಅಕ್ಟೋಬರ್‌ನಲ್ಲಿ ಶುರುವಾದ ಐಪಾಡ್ ಸಾಲನ್ನು ಆಪಲ್ 2022ರ ಮೇ ತಿಂಗಳಲ್ಲಿ ನಿಲ್ಲಿಸಿಯೂ ಆಯಿತು. ಆದರೂ ಮನೆಗಳ ಮೇಜಿನ ಖಾನೆಯಲ್ಲಿ ಇಂಥ ಪ್ಲೇಯರ್‌ಗಳು ಉಳಿದಿವೆ. ಒಳಗೆ ಮತ್ತೆಲ್ಲೂ ಸಿಗದ ಏನೋ ಇದ್ದಾಗಲೇ ಅವು ಹೊರಗೆ ಬರುತ್ತವೆ.

ನನ್ನ ಕೈಗೆ ಬಂದದ್ದು ಸೋದರಮಾವನ ಪ್ಲೇಯರ್. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಧ್ವನಿ ಮುದ್ರಿಸುವ ಸೌಲಭ್ಯವೂ ಇತ್ತು. ಊರಿನ ದೇವಸ್ಥಾನದ ಜಗಲಿಯಲ್ಲಿ ಕುಳಿತು ಅವರು ಮುದ್ರಿಸಿಕೊಂಡ ತಾಳಮದ್ದಲೆಗಳು ಅದರೊಳಗಿದ್ದವು. ಕಂಪ್ಯೂಟರಿಗೆ ಸಿಕ್ಕಿಸಿದರೆ ಪರದೆಯ ಮೇಲೆ ಬ್ಯಾಟರಿಯ ಚಿತ್ರ ತುಂಬುತ್ತಿತ್ತು, ಕಂಪ್ಯೂಟರ್ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಮಾವ ಕೇಳಿದರು: “ಚಾರ್ಜ್ ಆಗುತ್ತಿದೆಯಲ್ಲ ಮಾರಾಯ, ಮತ್ತೆ ಕಾಣುವುದಿಲ್ಲ ಎಂದರೆ ಏನರ್ಥ?” ಈ ಟಿಪ್ಪಣಿ ಆ ಪ್ರಶ್ನೆಗೆ ಉತ್ತರ.

ಡಾಕ್ಟರ ಮುಂದೆ ಕುಳಿತು “ಮೈ ಸರಿಯಿಲ್ಲ” ಎಂದು ಹೇಳುವುದೂ “ಕಂಪ್ಯೂಟರ್ ಗುರುತಿಸುತ್ತಿಲ್ಲ” ಎನ್ನುವುದೂ ಒಂದೇ. ಗುರುತಿಸುವುದು ಒಂದೇ ಏಟಿಗೆ ಆಗುವ ಕೆಲಸವಲ್ಲ. ವಿದ್ಯುತ್ ಮುಟ್ಟಬೇಕು, ಪ್ಲೇಯರ್ ತಾನಿದ್ದೇನೆ ಎಂದು ತಿಳಿಸಬೇಕು, ತಾನು ಯಾರೆಂದು ಹೇಳಬೇಕು, ಅದರ ಭಾಷೆ ಬಲ್ಲ ಡ್ರೈವರ್ ಎಂಬ ತಂತ್ರಾಂಶ ಸಿಗಬೇಕು, ಒಳಗಿನ ಕಡತಗಳ ಕಟ್ಟು ಓದಲು ಬರಬೇಕು. ಕೆಲಸ ನಿಂತದ್ದು ಎಲ್ಲಿ ಎಂದು ತಿಳಿಯುವ ಮೊದಲೇ ಡ್ರೈವರ್ ಅಳಿಸಿ ಮತ್ತೆ ಹಾಕುವುದು ನಮ್ಮ ತರಗತಿಯ ಅರ್ಧಕ್ಕರ್ಧ ಜನರ ಚಟ. ನನ್ನದೂ ಅದೇ ಆಗಿತ್ತು.

ವಿದ್ಯುತ್ತಿನ ದಾರಿ, ಮಾತಿನ ದಾರಿ

ಸಾಮಾನ್ಯ ಯುಎಸ್‌ಬಿ ಪ್ಲಗ್ಗನ್ನು, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಚಪ್ಪಟೆ ತುದಿಯನ್ನು, ಬೆಳಕಿಗೆ ಹಿಡಿದು ಒಳಗೆ ನೋಡಿ. ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳಿವೆ. ಹೊರಗಿನ ಎರಡು ಉದ್ದ, ನಡುವಿನ ಎರಡು ಸ್ವಲ್ಪ ಗಿಡ್ಡ. ಹೊರಗಿನವು 5 ವೋಲ್ಟ್ ಮತ್ತು ಗ್ರೌಂಡ್, ನಡುವಿನವು ಡೇಟಾ. ಪ್ಲಗ್ ಒಳಗೆ ಹೋಗುವಾಗ ಮೊದಲು ವಿದ್ಯುತ್ ಮುಟ್ಟಿ ಆಮೇಲೆ ಮಾತು ಶುರುವಾಗಲಿ ಎಂದೇ ಹೀಗೆ ಮಾಡಿದ್ದಾರೆ. ಕೇಬಲ್ ಸೀಳಿದರೆ ಸಾಮಾನ್ಯವಾಗಿ ಕೆಂಪು ಮತ್ತು ಕಪ್ಪು ವಿದ್ಯುತ್ತಿನವು, ಬಿಳಿ ಮತ್ತು ಹಸಿರು ಡೇಟಾದವು.

ಚಾರ್ಜ್ ಆಗಲು ಹೊರಗಿನ ಎರಡಿದ್ದರೆ ಸಾಕು. ಹಾಗಾಗಿ ಬ್ಯಾಟರಿಯ ಚಿತ್ರ ತುಂಬುತ್ತಿರುವುದು ಡೇಟಾ ತಂತಿಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಗ್ಗದ ಸ್ಪೀಕರ್, ಟಾರ್ಚ್‌ಗಳ ಜೊತೆ ಬರುವ ಎಷ್ಟೋ ಕೇಬಲ್‌ಗಳಲ್ಲಿ ನಡುವಿನ ತಂತಿಗಳೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತಾಗುವುದೂ ಇಲ್ಲ.

ಎರಡು ದಾರಿಗಳು ಬೇರೆ ಬೇರೆ ಎಂಬುದಕ್ಕೆ ಐಪಾಡ್‌ನಲ್ಲೇ ಸೊಗಸಾದ ಉದಾಹರಣೆ ಇದೆ. 2003ರ ಮೂರನೆಯ ಪೀಳಿಗೆಯ ಐಪಾಡ್‌ಗೆ ಯುಎಸ್‌ಬಿ ಮೂಲಕ ಹಾಡು ತುಂಬಬಹುದಿತ್ತು, ಆದರೆ ಅದು ಚಾರ್ಜ್ ಆಗುತ್ತಿದ್ದದ್ದು ಫೈರ್‌ವೈರ್ ಎಂಬ ಬೇರೆ ಬಗೆಯ ಕೇಬಲ್‌ನಿಂದ ಮಾತ್ರ. 2005ರ ಐದನೆಯ ಪೀಳಿಗೆಯಲ್ಲಿ ಫೈರ್‌ವೈರ್ ಕೇಬಲ್ ಸಿಕ್ಕಿಸಿದರೆ ಚಾರ್ಜ್ ಆಗುತ್ತಿತ್ತು, ಹಾಡು ದಾಟುತ್ತಿರಲಿಲ್ಲ. ಎರಡೂ ಯಂತ್ರಗಳು ಕೆಟ್ಟಿರಲಿಲ್ಲ. ಅವುಗಳನ್ನು ಕಟ್ಟಿದ್ದೇ ಹಾಗೆ.

ಮಾವನ ಕೇಬಲ್ಲನ್ನು ಮಲ್ಟಿಮೀಟರ್‌ನಲ್ಲಿ ಪರೀಕ್ಷಿಸಿದ ಬಗೆಯನ್ನು ಬರೆದುಕೊಳ್ಳಿ, ಪ್ರಾಯೋಗಿಕ ಪರೀಕ್ಷೆಗೂ ಬರುತ್ತದೆ. ಎರಡೂ ತುದಿಗಳನ್ನು ಬಿಡಿಸಿಕೊಂಡು, ಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕೆ ತಿರುಗಿಸಿದೆ. ಪ್ಲೇಯರ್ ಕಡೆಯದು ಮಿನಿ ಪ್ಲಗ್, ಮೀಟರಿನ ದಪ್ಪ ಮೊನೆ ಒಳಗೆ ಹೋಗುವುದಿಲ್ಲ. ಅದಕ್ಕೆ ಹೊಲಿಗೆ ಸೂಜಿಯೊಂದನ್ನು ತೆಳು ತಂತಿಯಿಂದ ಸುತ್ತಿ ಕಟ್ಟಿಕೊಂಡೆ. ಮಿನಿ ಪ್ಲಗ್‌ನಲ್ಲಿ ಪಿನ್‌ಗಳು ಐದು. ದೊಡ್ಡ ತುದಿಯ 1, 2, 3 ಇಲ್ಲಿಯ 1, 2, 3ಕ್ಕೆ ಸೇರುತ್ತವೆ, ಅಲ್ಲಿಯ 4 ಇಲ್ಲಿ 5ಕ್ಕೆ. ಮೊದಲನೆಯದಕ್ಕೆ ಬೀಪ್ ಬಂತು. ಎರಡನೆಯದಕ್ಕೆ ಸದ್ದಿಲ್ಲ. ಮೂರನೆಯದಕ್ಕೂ ಇಲ್ಲ. ಕೊನೆಯದಕ್ಕೆ ಮತ್ತೆ ಬೀಪ್. ಮಾವನಿಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು.

ಮೀಟರ್ ಇಲ್ಲದವರು ಆ ಕೇಬಲ್ಲಿನಲ್ಲಿ ಬೇರೆ ಯಾವುದಾದರೂ ಕ್ಯಾಮೆರಾದ ಫೋಟೋ ಕಂಪ್ಯೂಟರಿಗೆ ದಾಟುತ್ತದೆಯೇ ನೋಡಿದರೆ ಸಾಕು. ಐಪಾಡ್ ಷಫಲ್‌ನ ಎರಡನೆಯ ಪೀಳಿಗೆಯಿಂದ ಮುಂದಿನವುಗಳಲ್ಲಿ ಇಯರ್‌ಫೋನ್ ತೂತೇ ಯುಎಸ್‌ಬಿಯ ಬಾಗಿಲು. ಅದಕ್ಕೆ ಅದರದೇ ಕೇಬಲ್ ಬೇಕು. ಇನ್ನು ಜೇಬಿನಲ್ಲಿ ಓಡಾಡಿದ ಪ್ಲೇಯರ್ ಆದರೆ ಸಾಕೆಟ್ಟಿನೊಳಗೆ ಬಟ್ಟೆಯ ನಾರು ಸೇರಿಕೊಂಡಿರುತ್ತದೆ, ಮೊದಲು ಮರದ ಕಡ್ಡಿಯಿಂದ ಅದನ್ನು ತೆಗೆಯಿರಿ.

ಹಾಜರಿ ಕೂಗಿದಾಗ ಕೈಯೆತ್ತುವುದು

ಕಂಪ್ಯೂಟರ್ ಕಡೆ ಎರಡು ಡೇಟಾ ತಂತಿಗಳನ್ನೂ 15 ಕಿಲೋ ಓಮ್ ರೆಸಿಸ್ಟರ್‌ಗಳು ಕೆಳಕ್ಕೆ, ಗ್ರೌಂಡಿನ ಕಡೆಗೆ, ಎಳೆದುಕೊಂಡಿರುತ್ತವೆ. ಪ್ಲೇಯರ್ ಸಿದ್ಧವಾದಾಗ ಆ ಎರಡರಲ್ಲಿ ಡಿ ಪ್ಲಸ್ ಎಂಬ ತಂತಿಯನ್ನು 1.5 ಕಿಲೋ ಓಮ್ ಮೂಲಕ ಮೇಲಕ್ಕೆ ಎಳೆಯುತ್ತದೆ. ತರಗತಿಯಲ್ಲಿ ಕೈಯೆತ್ತಿದ ಹಾಗೆ. ಕಂಪ್ಯೂಟರಿಗೆ ಯಾರೋ ಬಂದಿದ್ದಾರೆ ಎಂದು ತಿಳಿಯುವುದು ಆಗಲೇ, ಅದಕ್ಕೆ ಮೊದಲಲ್ಲ.

ಕೈಯೆತ್ತಲು ಪ್ಲೇಯರ್‌ಗೆ ಪ್ರಜ್ಞೆ ಇರಬೇಕು. ವರ್ಷಗಟ್ಟಲೆ ಮಲಗಿದ್ದ ಯಂತ್ರದ ಬ್ಯಾಟರಿ ಪೂರ್ತಿ ಬತ್ತಿರುತ್ತದೆ, ಒಳಗಿನ ಚಿಪ್ ಏಳುವುದೇ ಇಲ್ಲ. ಸಿಕ್ಕಿಸಿ ಅರ್ಧ ಗಂಟೆ ಸುಮ್ಮನೆ ಬಿಡಿ. ಎದ್ದೂ ಮಂಕು ಹಿಡಿದಿದ್ದರೆ ರೀಸೆಟ್ ಮಾಡಬೇಕು. ಕ್ಲಿಕ್ ವೀಲ್, ಅಂದರೆ ಒತ್ತುವ ಚಕ್ರವಿರುವ ಐಪಾಡ್‌ನಲ್ಲಿ ಹೋಲ್ಡ್ ಗುಂಡಿಯನ್ನು ಒಮ್ಮೆ ಅತ್ತಿತ್ತ ಮಾಡಿ, ಮೆನು ಮತ್ತು ನಡುವಿನ ಗುಂಡಿಯನ್ನು ಒಟ್ಟಿಗೆ 6ರಿಂದ 8 ಸೆಕೆಂಡು ಒತ್ತಿದರೆ ಸೇಬಿನ ಚಿತ್ರ ಬರುತ್ತದೆ. ಅದು ಬಂದ ಕೂಡಲೇ ನಡುವಿನ ಗುಂಡಿ ಮತ್ತು ಪ್ಲೇ ಗುಂಡಿಯನ್ನು ಹಿಡಿದುಕೊಂಡರೆ ಡಿಸ್ಕ್ ಮೋಡ್. ಅಲ್ಲಿ ಐಪಾಡ್ ತನ್ನ ಆಟವನ್ನೆಲ್ಲ ಬಿಟ್ಟು ಬರಿಯ ಡಿಸ್ಕ್ ಆಗಿ ನಿಲ್ಲುತ್ತದೆ. ಮಾಮೂಲಿ ರೀತಿಯಲ್ಲಿ ಕಾಣದ ಐಪಾಡ್ ಇಲ್ಲಿ ಕಂಡರೆ, ಕೇಬಲ್ ಮತ್ತು ಪೋರ್ಟ್ ಸರಿಯಿವೆ ಎಂದೇ ಅರ್ಥ.

ಕೈಯೆತ್ತಿದ ಮೇಲೆ ಕಂಪ್ಯೂಟರ್ ಪ್ಲೇಯರನ್ನು ಒಮ್ಮೆ ರೀಸೆಟ್ ಮಾಡಿ, “ನೀನು ಯಾರು?” ಎಂದು ಕೇಳುತ್ತದೆ. ಉತ್ತರ 18 ಬೈಟ್‌ಗಳ ಪರಿಚಯ ಪತ್ರ, ಇದಕ್ಕೆ ಡಿವೈಸ್ ಡಿಸ್ಕ್ರಿಪ್ಟರ್ ಎಂದು ಹೆಸರು. ಮೊದಲು ಸೊನ್ನೆಯ ವಿಳಾಸದಲ್ಲಿದ್ದ ಪ್ಲೇಯರ್‌ಗೆ 1ರಿಂದ 127ರೊಳಗಿನ ಒಂದು ವಿಳಾಸ ಸಿಗುತ್ತದೆ. ಪತ್ರದಲ್ಲಿ ಹೆಕ್ಸ್, ಅಂದರೆ ಹದಿನಾರರ ಎಣಿಕೆಯಲ್ಲಿ ಬರೆಯುವ ತಯಾರಕರ ಸಂಖ್ಯೆ ಇರುತ್ತದೆ: ಆಪಲ್‌ನದು 05ಎಸಿ, ಸೋನಿಯದು 054ಸಿ. ಕಚ್ಚಾ ಬೈಟ್‌ಗಳಲ್ಲಿ ನೋಡುವಾಗ ಕಿರಿಯ ಬೈಟ್ ಮೊದಲು ಬರುವುದರಿಂದ ಆಪಲ್‌ನದು “ಎಸಿ 05” ಎಂದು ಕಾಣುತ್ತದೆ. ಇದನ್ನು ತಪ್ಪಾಗಿ ಓದಿ ನಾನೊಮ್ಮೆ ಅಂಕ ಕಳೆದುಕೊಂಡಿದ್ದೇನೆ.

ಕೈಯೆತ್ತಿದ್ದು ಕಂಡಿತು, ಆದರೆ ಪರಿಚಯ ಪತ್ರ ಬರಲಿಲ್ಲ ಅಥವಾ ಹರಕಾಗಿ ಬಂತು ಎನ್ನಿ. ಆಗ ವಿಂಡೋಸ್ “ಅನ್‌ನೋನ್ ಯುಎಸ್‌ಬಿ ಡಿವೈಸ್” ಎಂದು ಬರೆದು ಕೋಡ್ 43 ತೋರಿಸುತ್ತದೆ. ಲಿನಕ್ಸ್‌ನ ಕರ್ನಲ್ ದಾಖಲೆಯಲ್ಲಿ ಮೈನಸ್ 71 ಅಥವಾ ಮೈನಸ್ 110 ಎಂಬ ದೋಷಸಂಖ್ಯೆ ಬರುತ್ತದೆ. ಮೊದಲನೆಯದಕ್ಕೆ ಮಾತು ಕೆಟ್ಟಿದೆ ಎಂಬ ಅರ್ಥ, ಎರಡನೆಯದಕ್ಕೆ ಕಾದು ಸಾಕಾಯಿತು ಎಂಬ ಅರ್ಥ. ಕೋಡ್ 43 ಕಂಡಾಗ ಜನ ತಯಾರಕರ ಡ್ರೈವರ್ ಹುಡುಕಲು ಹೊರಡುತ್ತಾರೆ. ಎದುರಿಗಿರುವವರು ಯಾರೆಂದೇ ಗೊತ್ತಿಲ್ಲದಾಗ ಯಾವ ಡ್ರೈವರ್ ಹಾಕುತ್ತೀರಿ? ಇಲ್ಲಿ ನೋಡಬೇಕಾದದ್ದು ಕೇಬಲ್, ಪೋರ್ಟ್, ಹಬ್ (ಒಂದು ಪೋರ್ಟನ್ನು ಹಲವಾಗಿ ಕವಲೊಡೆಸುವ ಪೆಟ್ಟಿಗೆ) ಮತ್ತು ಪ್ಲೇಯರಿನ ಸಾಕೆಟ್. ಇದೊಂದನ್ನು ನಾನು ಹಟ ಹಿಡಿದು ಹೇಳುತ್ತೇನೆ.

ಹಬ್‌ನ ವಿಷಯ ಬಂತು. ಯುಎಸ್‌ಬಿ 2.0 ಲೆಕ್ಕದಲ್ಲಿ ಪರಿಚಯ ಮುಗಿಯುವ ತನಕ ಸಾಧನ 100 ಮಿಲಿ ಆಂಪಿಯರ್‌ಗಿಂತ ಹೆಚ್ಚು ಎಳೆಯುವಂತಿಲ್ಲ, ಆಮೇಲೆ ಕೇಳಿಕೊಂಡು 500ರವರೆಗೆ. ಗೋಡೆಯಿಂದ ತನ್ನದೇ ವಿದ್ಯುತ್ ಪಡೆಯದ ಹಬ್ ಪ್ರತಿ ಪೋರ್ಟಿಗೆ ಕೊಡಬೇಕಾದದ್ದು 100 ಮಾತ್ರ. ಹಸಿದ ಬ್ಯಾಟರಿ, ಒಳಗೆ ತಿರುಗುವ ಡಿಸ್ಕ್ ಎರಡೂ ಇರುವ ಹಳೆಯ ಪ್ಲೇಯರ್ ಅಲ್ಲಿ ತೂಕಡಿಸುತ್ತದೆ. ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟಿಗಿಂತ ಹಿಂಭಾಗದ, ಮದರ್‌ಬೋರ್ಡಿನ ಮೇಲೇ ಇರುವ ಪೋರ್ಟಿನಲ್ಲಿ ಮೊದಲು ನೋಡಿ.

ಯಾವ ಮೆಟ್ಟಿಲಲ್ಲಿದ್ದೇವೆ ಎಂದು ತಿಳಿಯಲು ಒಂದು ಅಗ್ಗದ ಉಪಾಯವಿದೆ. ವಿಂಡೋಸ್‌ನಲ್ಲಿ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದಿಟ್ಟು ಅದನ್ನೇ ನೋಡುತ್ತ ಪ್ಲೇಯರನ್ನು ಸಿಕ್ಕಿಸಿ, ಕೀಳಿ. ಪಟ್ಟಿ ಒಮ್ಮೆಯೂ ಮಿಸುಕದಿದ್ದರೆ ಕೈಯೇ ಎತ್ತಿಲ್ಲ. ಮಿಸುಕಿ ಅನ್‌ನೋನ್ ಬಂದರೆ ಪರಿಚಯ ಕೆಟ್ಟಿದೆ. ಹೆಸರು ಬಂದು ಪಕ್ಕದಲ್ಲಿ ಹಳದಿ ತ್ರಿಕೋನ ಇದ್ದರೆ, ವಿಶೇಷವಾಗಿ ಕೋಡ್ 28 ಎಂದಿದ್ದರೆ, ಈಗ ಡ್ರೈವರ್ ಹುಡುಕಿ, ಬೇಡ ಎನ್ನುವುದಿಲ್ಲ.

ಬೀಗದ ಕೈ ಕೊಡುವವರು, ಗಲ್ಲಾದ ಹಿಂದೆ ನಿಲ್ಲುವವರು

ಹೊಸ ಕೇಬಲ್ ಹಾಕಿದ ಕೂಡಲೇ ಟಿಣ್ ಎಂದಿತು. ಗೆದ್ದೆ ಎಂದುಕೊಂಡು ಮೈ ಕಂಪ್ಯೂಟರ್ ತೆರೆದು ಇ, ಎಫ್ ಎಂಬಂಥ ಹೊಸ ಡ್ರೈವ್ ಅಕ್ಷರಕ್ಕಾಗಿ ಕಣ್ಣಾಡಿಸಿದೆ. ಇಲ್ಲ. ಡಿಸ್ಕ್‌ಗಳನ್ನೆಲ್ಲ ತೋರಿಸುವ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹುಡುಕಿದೆ. ಅಲ್ಲೂ ಇಲ್ಲ. ಅರ್ಧ ಗಂಟೆ ಹೋಯಿತು. ಅದು ಅಲ್ಲಿ ಇರಲು ಸಾಧ್ಯವೇ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಪ್ಲೇಯರ್‌ಗಳು ಎರಡು ಭಾಷೆಗಳಲ್ಲಿ ಒಂದನ್ನು ಆಡುತ್ತವೆ. ಒಂದು ಮಾಸ್ ಸ್ಟೋರೇಜ್, ಸೆಟ್ಟಿಂಗ್‌ಗಳಲ್ಲಿ ಎಂಎಸ್‌ಸಿ ಎಂದಿರುತ್ತದೆ. ಅಲ್ಲಿ ಪ್ಲೇಯರ್ ತನ್ನ ಉಗ್ರಾಣದ ಬೀಗದ ಕೈಯನ್ನೇ ಕಂಪ್ಯೂಟರಿನ ಕೈಗಿಟ್ಟು ಪಕ್ಕಕ್ಕೆ ಸರಿಯುತ್ತದೆ. ಕಂಪ್ಯೂಟರ್ ಅದನ್ನು ಪೆನ್‌ಡ್ರೈವ್‌ನಂತೆ ಕಂಡು ಅಕ್ಷರ ಕೊಡುತ್ತದೆ. ಇನ್ನೊಂದು ಎಂಟಿಪಿ. ಕ್ಯಾಮೆರಾಗಳ ಪಿಟಿಪಿ ಎಂಬ ಪದ್ಧತಿಯನ್ನು ಮೈಕ್ರೋಸಾಫ್ಟ್ ಬೆಳೆಸಿ ಮಾಡಿದ್ದು ಇದು, 2008ರಲ್ಲಿ ಯುಎಸ್‌ಬಿಯ ಅಧಿಕೃತ ವರ್ಗವಾಯಿತು. ಇಲ್ಲಿ ಪ್ಲೇಯರ್ ಕಿರಾಣಿ ಅಂಗಡಿಯ ಶೆಟ್ಟರಂತೆ ಗಲ್ಲಾದ ಹಿಂದೆ ನಿಂತಿರುತ್ತದೆ. ಏನು ಬೇಕೋ ಕೇಳಿ, ತೆಗೆದು ಕೊಡುತ್ತದೆ. ಒಳಗೆ ಬಿಡುವುದಿಲ್ಲ. ಹಾಗಾಗಿ ಡ್ರೈವ್ ಅಕ್ಷರವೂ ಇಲ್ಲ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸುಳಿವೂ ಇಲ್ಲ. ಡಿವೈಸ್ ಮ್ಯಾನೇಜರ್‌ನ ಪೋರ್ಟಬಲ್ ಡಿವೈಸಸ್ ಎಂಬ ಗುಂಪಿನಲ್ಲಿ ಅದು ಕುಳಿತಿರುತ್ತದೆ.

ಒಂದೇ ಪ್ಲೇಯರ್ ಒಬ್ಬರ ಮನೆಯಲ್ಲಿ ಕಂಡು ಇನ್ನೊಬ್ಬರ ಮನೆಯಲ್ಲಿ ಕಾಣದಿರಲು ಎಷ್ಟೋ ಸಲ ಇದೇ ಕಾರಣ. ಮ್ಯಾಕ್‌ನ ಫೈಂಡರ್‌ಗೆ ಎಂಟಿಪಿ ಬಾರದು. ವಿಂಡೋಸ್‌ನ ಎನ್ ಆವೃತ್ತಿಗಳಲ್ಲಿ ಮೀಡಿಯಾ ಭಾಗವನ್ನು ತೆಗೆದಿರುವುದರಿಂದ, ಮೀಡಿಯಾ ಫೀಚರ್ ಪ್ಯಾಕ್ ಹಾಕುವ ತನಕ ಅಲ್ಲೂ ಬಾರದು. ವಿದೇಶದಿಂದ ತಂದ ಲ್ಯಾಪ್‌ಟಾಪ್ ಆದರೆ ಆವೃತ್ತಿಯ ಹೆಸರಿನ ಕೊನೆಯಲ್ಲಿ ಎನ್ ಇದೆಯೇ ಎಂದು ನೋಡುವುದು ನನಗೆ ಈಗ ರೂಢಿಯಾಗಿದೆ.

ಹಲವು ಪ್ಲೇಯರ್‌ಗಳ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಮೋಡ್ ಎಂಬ ಆಯ್ಕೆ ಇರುತ್ತದೆ. ಮಾವನದರಲ್ಲೂ ಇತ್ತು. ಎಂಎಸ್‌ಸಿಗೆ ಬದಲಿಸಿ ಸಿಕ್ಕಿಸಿದೆ, ಅಕ್ಷರ ಬಂತು. ಒಂದು ಎಚ್ಚರಿಕೆ: ಕೆಲವು ಪ್ಲೇಯರ್‌ಗಳಲ್ಲಿ ಒಂದು ಮೋಡ್‌ನಲ್ಲಿ ತುಂಬಿದ ಹಾಡು ಇನ್ನೊಂದರಲ್ಲಿ ಸಿಕ್ಕಿಸಿದಾಗ ಕಂಪ್ಯೂಟರಿಗೆ ಕಾಣುವುದಿಲ್ಲ. ಅಳಿದುಹೋಯಿತು ಎಂದು ಗಾಬರಿಯಾಗಬೇಡಿ, ಮೋಡ್ ಬದಲಿಸಿ ನೋಡಿ.

ಮಾಸ್ ಸ್ಟೋರೇಜ್ ಆಗಿದ್ದೂ ಅಕ್ಷರ ಬಾರದಿದ್ದರೆ ಮಾತ್ರ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಕೈಯಾರೆ ಒಂದು ಅಕ್ಷರ ಕೊಡಿ. ಕಚೇರಿಯ ಕಂಪ್ಯೂಟರ್‌ಗಳಲ್ಲಿ ಅದೇ ಅಕ್ಷರವನ್ನು ನೆಟ್‌ವರ್ಕ್ ಡ್ರೈವ್ ಹಿಡಿದುಕೊಂಡಿರುವುದುಂಟು.

ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ

ಬೇಡ ಎನ್ನಿ. ಮ್ಯಾಕ್‌ನಲ್ಲಿ ಸಿದ್ಧಪಡಿಸಿದ ಐಪಾಡ್‌ನ ಕಡತವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್. ವಿಂಡೋಸ್‌ಗೆ ಅದು ಓದಲು ಬಾರದು, ಆದ್ದರಿಂದ ಖಾಲಿ ಡಿಸ್ಕ್ ಎಂದು ಭಾವಿಸಿ ಫಾರ್ಮ್ಯಾಟ್‌ಗೆ ಒಪ್ಪಿಗೆ ಕೇಳುತ್ತದೆ. ಐಪಾಡ್ ಆರೋಗ್ಯವಾಗಿಯೇ ಇರುತ್ತದೆ. ಅಂದ ಹಾಗೆ, ಡಿಸ್ಕ್ ಆಗಿ ತೆರೆದ ಐಪಾಡ್‌ನಲ್ಲಿ ಹಾಡುಗಳು ಕಾಣದಿದ್ದರೂ ದೋಷವಲ್ಲ. ಅವು ಅಡಗಿಸಿದ ಫೋಲ್ಡರಿನಲ್ಲಿ, ನಾಲ್ಕು ಅಕ್ಷರಗಳ ಅರ್ಥವಿಲ್ಲದ ಹೆಸರುಗಳಲ್ಲಿ ಇರುತ್ತವೆ.

ಮಾವನ ಪ್ಲೇಯರ್ ಕೇಳಿದ್ದು ಇನ್ನೊಂದು ಪ್ರಶ್ನೆ: ದೋಷ ಹುಡುಕಿ ಸರಿಪಡಿಸಲೇ? ಹಿಂದೆಂದೋ ಸರಿಯಾಗಿ ಹೊರತೆಗೆಯದೆ ಕಿತ್ತಿದ್ದರ ಫಲ. ಸರಿಪಡಿಸುವ ಕಾರ್ಯಕ್ರಮ ವಾರಸುದಾರರಿಲ್ಲದ ತುಣುಕುಗಳನ್ನೆಲ್ಲ ಸಿಎಚ್‌ಕೆ ಎಂಬ ಬಾಲದ ಕಡತಗಳಾಗಿ ಮಾಡಿ ಗುಡ್ಡೆ ಹಾಕುತ್ತದೆ, ಮೂಲದ ಹೆಸರು ಹೋಗುತ್ತದೆ. ಆದ್ದರಿಂದ ಮೊದಲು ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿಕೊಂಡೆ, ದುರಸ್ತಿ ಆಮೇಲೆ. ಐದು ಮುದ್ರಿಕೆಗಳಲ್ಲಿ ನಾಲ್ಕು ಪೂರ್ತಿ ಬಂದವು. ಐದನೆಯದು ಭಾಗವತರ ಪದ ಏರುತ್ತಿರುವಾಗಲೇ ಕಡಿದುಹೋಗುತ್ತದೆ.

ಮಾವ ನಾಲ್ಕರ ಬಗ್ಗೆ ಸಂತೋಷಪಟ್ಟು, ಐದನೆಯದರ ಬಗ್ಗೆ ಇನ್ನೂ ಆಗಾಗ ಕೇಳುತ್ತಾರೆ. ಹಳೆಯ ಕೇಬಲ್ಲನ್ನು ಬಿಸಾಡಲು ಅವರು ಒಪ್ಪಲಿಲ್ಲ, ಚಾರ್ಜ್ ಆಗುತ್ತದಲ್ಲ ಎಂದರು. ಅದರ ಎರಡೂ ತುದಿಗೆ ಕೆಂಪು ದಾರ ಕಟ್ಟಿ ಕೊಟ್ಟಿದ್ದೇನೆ.