ಕರೆಂಟ್ ಬಿಲ್ ನೋಡಿ ಎಂದರೆ ನಾನು ಮೊದಲು ಹೋಗುವುದು ಬಚ್ಚಲಿಗೆ

ಮನೆಗಳಲ್ಲಿ, ಅಪಾರ್ಟ್‌ಮೆಂಟ್‌ಗಳಲ್ಲಿ ಕರೆಂಟ್ ಎಲ್ಲಿ ಸುಮ್ನೆ ಹೋಗುತ್ತಿದೆ ಎಂದು ಹುಡುಕುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಯಾರ ಮನೆಗೆ ಹೋದರೂ ಮೊದಲು ತೋರಿಸುವುದು ಬಲ್ಬುಗಳನ್ನೇ. "ಎಲ್ಲಾ ಎಲ್‌ಇಡಿ ಹಾಕಿಸಿದ್ದೀವಿ ಸಾರ್, ಆದ್ರೂ ಬಿಲ್ ಇಳೀತಿಲ್ಲ." ಹೇಗೆ ಇಳಿಯುತ್ತದೆ? 10 ವಾಟಿನ ಬಲ್ಬು ದಿನಕ್ಕೆ 5 ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಅಷ್ಟೇ. ನಾನು ಹುಡುಕುವುದು ನೀರನ್ನು.

20 ಲೀಟರಿನ ಒಂದು ಬಕೆಟ್ ನೀರನ್ನು ಸ್ನಾನದ ಹದಕ್ಕೆ ಬಿಸಿ ಮಾಡಲು ಅರ್ಧ ಯೂನಿಟ್ ಕೂಡ ಬೇಡ. ಅದೇ ಶವರ್ ಕೆಳಗೆ ಹತ್ತು ನಿಮಿಷ ನಿಂತರೆ ನೂರು ಲೀಟರ್ ಹೋಗಬಹುದು, ಅಂದರೆ 2 ಯೂನಿಟ್. ನಾಲ್ಕು ಜನರ ಮನೆಯಲ್ಲಿ ಬಕೆಟ್ ಸ್ನಾನವಾದರೆ ತಿಂಗಳಿಗೆ 50 ಯೂನಿಟ್, ಶವರ್ ಆದರೆ 200 ದಾಟುತ್ತದೆ. ಗೃಹಜ್ಯೋತಿ ಇರುವವರಿಗೆ ಈ 200ರ ಗೆರೆ ಎಷ್ಟು ಮುಖ್ಯ ಎಂದು ಹೇಳಬೇಕಾಗಿಲ್ಲ. ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಡಿಸೆಂಬರ್, ಜನವರಿಯಲ್ಲಿ ಹಾಗೆ ದಾಟಿಸುವುದು ಗೀಸರೇ, ನಾವು ಸುಮ್ನೆ ಫ್ರಿಜ್ಜನ್ನು ಬೈಯುತ್ತೇವೆ.

ಸೋಲಾರ್ ಇದೆ, ನಮಗೇನು ಚಿಂತೆ ಎನ್ನುವವರ ಮನೆಯಲ್ಲಿ ನಾನು ನೇರ ಟೆರೇಸಿಗೆ ಹತ್ತುತ್ತೇನೆ. ಸೋಲಾರ್ ಟ್ಯಾಂಕಿನೊಳಗೆ ಮೋಡದ ದಿನಗಳಿಗೆಂದು ಕರೆಂಟಿನಲ್ಲಿ ನೀರು ಕಾಯಿಸುವ ಒಂದು ಕಾಯಿಲ್ ಇಟ್ಟಿರುತ್ತಾರೆ, ಅದರ ಸ್ವಿಚ್ಚನ್ನು ಯಾರೋ ಮಳೆಗಾಲದಲ್ಲಿ ಹಾಕಿ ಮರೆತಿರುತ್ತಾರೆ, ಬಿಸಿಲು ಬಂದ ಮೇಲೂ ರಾತ್ರಿಯೆಲ್ಲ ಅದು ತನ್ನಷ್ಟಕ್ಕೆ ಕಾಯಿಸುತ್ತಲೇ ಇರುತ್ತದೆ. ಬೋರ್ ನೀರಾದರೆ ಕೊಳವೆಗಳಲ್ಲಿ ಬಿಳಿ ಉಪ್ಪು ಕಟ್ಟಿಕೊಂಡು ನೀರು ಸರಿಯಾಗಿ ಕಾಯುವುದೂ ಇಲ್ಲ. ಇನ್ನು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಬರುವುದು ಪೈಪಿನಲ್ಲಿ ತಣ್ಣಗಾದ ನೀರು. ಅದನ್ನು ಚೆಲ್ಲಬೇಡಿ, ಒಂದು ಬಕೆಟ್‌ನಲ್ಲಿ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳಿ. ಟೆರೇಸಿನ ಮೇಲಿನ ಪೈಪಿಗೆ ಫೋಮಿನ ಹೊದಿಕೆ ಹಾಕಿಸಿದರೆ ಬಿಸಿನೀರು ಬೇಗ ಬರುತ್ತದೆ.

ಆದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ತಣ್ಣೀರಿನ ವಿಷಯಕ್ಕೆ. ಬೆಂಗಳೂರಿಗೆ ಕಾವೇರಿ ಹರಿದು ಬರುವುದಿಲ್ಲ, ಹತ್ತಿ ಬರುತ್ತಾಳೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪ್ ಮಾಡಿ, ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆ ತಳ್ಳುತ್ತಾರೆ. ನಿಮ್ಮ ಸಂಪಿಗೆ ಬಂದ ಮೇಲೆ ನಿಮ್ಮ ಮೋಟಾರು ಅದನ್ನು ಇನ್ನೊಮ್ಮೆ ಎತ್ತುತ್ತದೆ. ಬೋರ್‌ವೆಲ್ ಲೆಕ್ಕ ಇನ್ನೂ ಕೆಟ್ಟದು. ಸಾವಿರ ಅಡಿ ಆಳದಿಂದ ಸಾವಿರ ಲೀಟರ್ ಎತ್ತಲು, ಪಂಪು ಮೋಟಾರಿನ ನಷ್ಟವೂ ಸೇರಿ, ಸುಮಾರು 2 ಯೂನಿಟ್ ಬೇಕು. ಸೋರುವ ನಲ್ಲಿಯಲ್ಲಿ ಹೋಗುವುದು ಬರೀ ನೀರಲ್ಲ, ಅಲ್ವಾ?

ಒಂದು ಅಪಾರ್ಟ್‌ಮೆಂಟ್‌ನಲ್ಲಿ ಕಾಮನ್ ಮೀಟರಿನ ಬಿಲ್ ವರ್ಷದಿಂದ ಏರುತ್ತಲೇ ಇತ್ತು. ಕಮಿಟಿಯವರು ಲಿಫ್ಟಿನ ಮೇಲೆ ಅನುಮಾನಪಟ್ಟು ಅದರ ಕಂಪನಿಯ ಜೊತೆ ಜಗಳವನ್ನೂ ಆಡಿದ್ದರು. ನಾನು ರಾತ್ರಿ ಹನ್ನೊಂದರ ನಂತರ ಮೀಟರ್ ಮುಂದೆ ಕೂತೆ. ಎಲ್ಲರೂ ಮಲಗಿದ ಮೇಲೂ ಪಂಪ್ ಓಡುತ್ತಿದೆ! ವಾಚ್‌ಮನ್ ಮೆಲ್ಲಗೆ ಹೇಳಿದರು, "ಮಳೆ ಇಲ್ದಿದ್ರೂ ಮಳೆ ಪೈಪಲ್ಲಿ ನೀರಿನ ಸದ್ದು ಬರುತ್ತೆ ಸಾರ್, ಸೆಕ್ರೆಟರಿಗೆ ಹೇಳಿದ್ದೆ." ಮೇಲಿನ ಟ್ಯಾಂಕ್ ತುಂಬಿದಾಗ ಪಂಪ್ ನಿಲ್ಲಿಸಬೇಕಾದ ಫ್ಲೋಟ್ ಕೆಟ್ಟಿತ್ತು. ತುಂಬಿ ಹೊರಬಂದ ನೀರಿನ ಪೈಪನ್ನು ಮಳೆ ಪೈಪಿಗೆ ಸೇರಿಸಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸರಿ ಮಾಡಲು ಆದ ಖರ್ಚು ನನ್ನ ಫೀಸಿಗಿಂತ ಕಡಿಮೆ, ಅದನ್ನು ಹೇಳಿಕೊಳ್ಳಲು ನನಗೇ ಸ್ವಲ್ಪ ಮುಜುಗರ.

ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸಲು ನಲ್ಲಿಯ ಬಾಯಿಗೆ ಹಾಕುವ ಏರೇಟರ್ ಬಗ್ಗೆ ಎಲ್ಲರಿಗೂ ಗೊತ್ತು. 2024ರ ಬೇಸಿಗೆಯಲ್ಲಿ ನೀರಿಗೆ ಪರದಾಡಿದಾಗ ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್‌ಗಳಿಗೆ ಅದನ್ನು ಕಡ್ಡಾಯ ಮಾಡಿತು. ಅಡುಗೆಮನೆ ಸಿಂಕಿಗೆ, ಕೈ ತೊಳೆಯುವ ಬೇಸಿನ್ನಿಗೆ ಹಾಕಿಸಿ. ಬಕೆಟ್ ತುಂಬುವ ನಲ್ಲಿಗೆ ಬೇಡ, ಅಲ್ಲಿ ಸಮಯ ದಂಡ ಅಷ್ಟೇ, ಬಕೆಟ್ಟಿಗೆ ಬೇಕಾದ ನೀರು ಬೇಕೇ ಬೇಕು.

ಕದ್ದು ಸೋರುವುದು ಕಮೋಡಿನ ಫ್ಲಶ್ ಟ್ಯಾಂಕ್. ಸದ್ದೂ ಬರುವುದಿಲ್ಲ. ಇವತ್ತು ರಾತ್ರಿ ಮಲಗುವ ಮುಂಚೆ ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಆ ಟ್ಯಾಂಕಿಗೆ ನಾಲ್ಕು ಹನಿ ಬಿಡಿ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಆಮೇಲೆ ಹೋಗಿ ನೋಡಿದಾಗ ಕಮೋಡಿನೊಳಗೆ ನೀಲಿ ಇಳಿದಿದ್ದರೆ, ಬೆಳಿಗ್ಗೆ ಪ್ಲಂಬರ್‌ಗೆ ಫೋನ್ ಮಾಡಿ, ನನಗಲ್ಲ.