ರ‍್ಯಾಮ್ ಹಾಕಿಸಿದರೂ ಬಿಲ್ ಯಾಕೆ ನಿಧಾನ?

ಡಿಸೆಂಬರ್ ಬಂತೆಂದರೆ ಕಲಬುರಗಿಯ ನೆಹರು ಗಂಜ್‌ಗೆ ತೊಗರಿ ಚೀಲಗಳು ಬಂದು ಬೀಳತೊಡಗುತ್ತವೆ. ಅಡತಿ ಅಂಗಡಿಗಳ ಕಂಪ್ಯೂಟರ್‌ಗಳು ತೆವಳಲು ಶುರುಮಾಡುವುದೂ ಆಗಲೇ. ರೈತ ಎದುರಿಗೆ ನಿಂತಿರುತ್ತಾನೆ, ಪಟ್ಟಿ (ಬಿಲ್) ಮಾತ್ರ ಪ್ರಿಂಟ್ ಆಗುವುದಿಲ್ಲ. ರಿಪೇರಿಗೆ ಬಂದ ಹುಡುಗ ಹೇಳುವುದು ಒಂದೇ ಮಾತು: "ರ‍್ಯಾಮ್ ಹಾಕಸ್ರಿ ಸಾವಕಾರ್ರೀ, ಎಲ್ಲಾ ಸರಿ ಆಗ್ತದ."

ಈ ಸಲಹೆ ಪೂರ್ತಿ ಸುಳ್ಳಲ್ಲ. ಆದರೆ ಅದು ಹುಟ್ಟಿದ ಕಾಲವೇ ಬೇರೆ.

1956ರಲ್ಲಿ ಐಬಿಎಂ ಕಂಪನಿ 305 ರಾಮ್ಯಾಕ್ ಎಂಬ ಯಂತ್ರ ತಂದಿತು. ಮಾಹಿತಿ ಕಾಯ್ದಿಡುವ ಅದರ ಡಿಸ್ಕ್ ಘಟಕದಲ್ಲಿ 24 ಇಂಚು ಅಗಲದ 50 ತಟ್ಟೆಗಳು ಸುತ್ತುತ್ತಿದ್ದವು. ಇಷ್ಟೆಲ್ಲಾ ಸೇರಿ ಹಿಡಿಸುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರ. ಒಂದು ದಾಖಲೆ ಹುಡುಕಲು ಸರಾಸರಿ 600 ಮಿಲಿಸೆಕೆಂಡ್ ಬೇಕಿತ್ತು. ಮುಂದೆ ಡಿಸ್ಕ್‌ಗಳು ಚಿಕ್ಕದಾದವು, ಸಾವಿರಾರು ಪಟ್ಟು ಜಾಸ್ತಿ ಹಿಡಿಸತೊಡಗಿದವು. ವೇಗ ಮಾತ್ರ ಅಷ್ಟು ಏರಲಿಲ್ಲ. ನಿಮಿಷಕ್ಕೆ 7200 ಸುತ್ತು ಹಾಕುವ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಓದುವ ಮುಳ್ಳಿನ (ಹೆಡ್) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಸರಿಯಲು ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡ್. ಎಲ್ಲಾ ಸೇರಿ ಹನ್ನೆರಡು ಹದಿಮೂರು. ಅಂದರೆ ಅಲ್ಲೊಂದು ಇಲ್ಲೊಂದು ಓದುವಾಗ ಸೆಕೆಂಡಿಗೆ ಎಂಬತ್ತರ ಆಸುಪಾಸು ಓದು, ಅಷ್ಟೇ. ಆದರೆ ಮೆಮೊರಿಯಿಂದ, ಅಂದರೆ ರ‍್ಯಾಮ್‌ನಿಂದ, ಓದಲು ಸುಮಾರು 100 ನ್ಯಾನೊಸೆಕೆಂಡ್ (ಸೆಕೆಂಡಿನ ಕೋಟಿಯ ಒಂದು ಭಾಗ) ಸಾಕು. ಒಂದು ಲಕ್ಷ ಪಟ್ಟನ್ನೂ ಮೀರಿದ ಅಂತರ!

ದಾಖಲೆಗಳನ್ನು ಇಟ್ಟು ಹುಡುಕಿಕೊಡುವ ಸಾಫ್ಟ್‌ವೇರ್ ಆದ ಡೇಟಾಬೇಸ್‌ನ ಒಳರಚನೆ ಬೆಳೆದದ್ದೇ ಈ ಅಂತರದ ಭಯದಲ್ಲಿ. ಬೋಯಿಂಗ್ ಕಂಪನಿಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ 1970ರ ಹೊತ್ತಿಗೆ ಬಿ-ಟ್ರೀ ಎಂಬ ಮರದಂಥ ಇಂಡೆಕ್ಸ್ (ಹುಡುಕಲು ನೆರವಾಗುವ ಸೂಚಿ) ರೂಪಿಸಿದ್ದು ಡಿಸ್ಕ್ ಮುಟ್ಟುವ ಸಲ ಕಡಿಮೆಯಾಗಲಿ ಎಂದೇ. ಒಂದೊಂದು ಪುಟದಲ್ಲಿ (ಡಿಸ್ಕ್‌ನಿಂದ ಒಮ್ಮೆಗೆ ಓದುವ ತುಂಡು) ನೂರಾರು ಕೀಲಿಗಳು, ಅಂದರೆ ಖಾತೆ ನಂಬರಿನಂಥ ಗುರುತುಗಳು, ಇರುವುದರಿಂದ, ಕೋಟಿ ಸಾಲುಗಳ ಟೇಬಲ್‌ನಲ್ಲೂ ಮೂರ್ನಾಲ್ಕು ಮೆಟ್ಟಿಲು ಇಳಿದರೆ ಬೇಕಾದದ್ದು ಸಿಗುತ್ತದೆ. ಒಮ್ಮೆ ಓದಿದ ಪುಟವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ಬಫರ್ ಪೂಲ್ ಬಂದದ್ದೂ ಇದೇ ಕಾರಣಕ್ಕೆ.

ಹಾಗಾದರೆ ಎಲ್ಲವನ್ನೂ ಮೆಮೊರಿಯಲ್ಲೇ ಇಟ್ಟರಾಗದೇ? ದುಡ್ಡು ಬೇಕಲ್ಲ. 1987ರಲ್ಲಿ ಡೇಟಾಬೇಸ್ ತಜ್ಞರಾದ ಜಿಮ್ ಗ್ರೇ ಮತ್ತು ಫ್ರಾಂಕೊ ಪುಟ್ಜೋಲು ಈ ಲೆಕ್ಕವನ್ನೇ ಹಾಕಿದರು. ಸೆಕೆಂಡಿಗೆ ಒಂದು ಸಲ ಡಿಸ್ಕ್ ಓದುವ ತಾಕತ್ತಿಗೆ ಆಗ ಸುಮಾರು 2000 ಡಾಲರ್ ಬೀಳುತ್ತಿತ್ತು. ಒಂದು ಕಿಲೋಬೈಟ್ ಮೆಮೊರಿಗೆ 5 ಡಾಲರ್. ಭಾಗಿಸಿದರೆ 400 ಸೆಕೆಂಡ್; ಅದನ್ನೇ ಅವರು ಅಂದಾಜಿಗೆ ಐದು ನಿಮಿಷ ಎಂದುಕೊಂಡರು. ಒಂದು ಕಿಲೋಬೈಟಿನ ದಾಖಲೆ ಐದು ನಿಮಿಷಕ್ಕೊಮ್ಮೆಯಾದರೂ ಬೇಕಾಗುತ್ತಿದ್ದರೆ ಮೆಮೊರಿಯಲ್ಲಿಡಿ, ಇಲ್ಲದಿದ್ದರೆ ಡಿಸ್ಕ್‌ನಲ್ಲಿರಲಿ ಎಂದರು. 'ಐದು ನಿಮಿಷದ ನಿಯಮ' ಎಂದು ಹೆಸರಾದದ್ದು ಇದೇ. ಗಂಜ್‌ನ ಯಾವ ವ್ಯಾಪಾರಿಯೂ ಮೆಚ್ಚುವಂಥ ಲೆಕ್ಕ.

ಮೆಮೊರಿ ಅಗ್ಗವಾಗುತ್ತಾ ಹೋದ ಹಾಗೆ ಈ ಬುದ್ಧಿವಂತಿಕೆ ಒಂದು ಮೂಢನಂಬಿಕೆಯಾಗಿ ಇಳಿಯಿತು. ಅದರ ಹೆಸರು ಹಿಟ್ ರೇಶಿಯೊ. ಬೇಕಾದ ಪುಟಗಳಲ್ಲಿ ನೂರಕ್ಕೆ ಎಷ್ಟು ಮೆಮೊರಿಯಲ್ಲೇ ಸಿಕ್ಕವು ಎನ್ನುವ ಅಂಕಿ. 90 ದಾಟಿದರೆ ಚೆನ್ನ, 99 ಆದರೆ ಇನ್ನೂ ಚೆನ್ನ ಎಂದು ಡಿಬಿಎಗಳು (ಡೇಟಾಬೇಸ್ ನೋಡಿಕೊಳ್ಳುವವರು) ನೆಮ್ಮದಿಯಾಗಿದ್ದರು. ಈ ಅಂಕಿ ನಂಬಬೇಡಿ ಎಂದು 2000ರ ಆಸುಪಾಸಿನಲ್ಲಿ ಒರಾಕಲ್ ಎಂಬ ಡೇಟಾಬೇಸ್ ಬಳಸುವವರ ನಡುವೆಯೇ ದನಿ ಎದ್ದಿತು. ನನ್ನ ಪ್ರಕಾರ ಈ ಇಡೀ ಇತಿಹಾಸದಲ್ಲಿ ತುಂಬಾ ಉಪಯೋಗಕ್ಕೆ ಬರುವ ಮಾತು ಅದು.

ಯಾಕೆ ಅಂತ ಹತ್ತಿರದಿಂದ ನೋಡೋಣ. ಒಂದು ಅಡತಿ ಅಂಗಡಿ, ಪೋಸ್ಟ್‌ಗ್ರೆಸ್ ಡೇಟಾಬೇಸ್. ಸಂಜೆ 300 ರೈತರ ಹಳೇ ಬಾಕಿಯ ಪಟ್ಟಿ ತೆಗೆಯಬೇಕು. ವಹಿವಾಟಿನ ಟೇಬಲ್ ದೊಡ್ಡದೇನಲ್ಲ, 8 ಕಿಲೋಬೈಟಿನ 3,000 ಪುಟ. ರೈತನ ಖಾತೆ ನಂಬರಿನ ಮೇಲೆ ಇಂಡೆಕ್ಸ್ ಇರಲಿಲ್ಲ. ಹಾಗಾಗಿ ಒಬ್ಬೊಬ್ಬ ರೈತನಿಗೂ ಇಡೀ ಟೇಬಲ್ ಮೊದಲಿಂದ ಕೊನೆಯವರೆಗೆ ಓದಿಸುತ್ತಿತ್ತು. 'ಎಕ್ಸ್‌ಪ್ಲೇನ್ ಅನಲೈಜ್ ಬಫರ್ಸ್' ಎಂಬ ಕಮಾಂಡ್ ಹಾಕಿದರೆ ಕಂಡದ್ದು: ಹಿಟ್ (ಮೆಮೊರಿಯಲ್ಲೇ ಸಿಕ್ಕ ಪುಟ) 8,97,000, ರೀಡ್ (ಡಿಸ್ಕ್‌ನಿಂದ ತಂದ ಪುಟ) 3,000. ಡಿಸ್ಕ್ ಮುಟ್ಟಿದ್ದು ಮೊದಲ ರೈತನಿಗೆ ಮಾತ್ರ. ಹಿಟ್ ರೇಶಿಯೊ 99.7. ಆದರೂ ಪಟ್ಟಿಗೆ ಐದಾರು ಸೆಕೆಂಡ್, ಮೂರು ಕೌಂಟರಿನಲ್ಲಿ ಒಟ್ಟಿಗೆ ಒತ್ತಿದರೆ ಇನ್ನೂ ಜಾಸ್ತಿ. 24 ಎಂಬಿಯ ಟೇಬಲ್ಲಿಗಾಗಿ 7 ಜಿಬಿಯಷ್ಟು ಓದು. ಮುನೀಮನ ಮೇಜಿನ ಮೇಲೇ ಖಾತೆ ಪುಸ್ತಕ ಇದ್ದರೂ, ಪ್ರತಿ ಹೆಸರಿಗೂ ಮೊದಲ ಹಾಳೆಯಿಂದ ತಿರುವಿದ ಹಾಗೆ.

ಮೆಮೊರಿಯಲ್ಲಿದೆ ಅಂದ ಮಾತ್ರಕ್ಕೆ ಡೇಟಾಬೇಸ್‌ಗೆ ಓದು ಪುಕ್ಕಟೆ ಅಲ್ಲ. ಪುಟ ಎಲ್ಲಿದೆ ಎಂದು ಹುಡುಕಬೇಕು. ಬೇರೆಯವರು ಕಿತ್ತುಹಾಕದಂತೆ ಅದನ್ನು ಹಿಡಿದುಕೊಳ್ಳಬೇಕು. ಒಂದೊಂದೇ ಸಾಲು ಬಿಡಿಸಿ ಹೋಲಿಸಬೇಕು. ಇದೆಲ್ಲಾ ಸಿಪಿಯು ಕೆಲಸ. ಕಾಗದದ ಮೇಲಿನ ಲಕ್ಷ ಪಟ್ಟು ನಿಜವಾದ ಕೆಲಸದಲ್ಲಿ ಎಷ್ಟೋ ಕಡಿಮೆಯಾಗುವುದು ಇಲ್ಲೇ. ಈ ಅಂಗಡಿಗೆ ಇನ್ನೂ ಎಷ್ಟು ರ‍್ಯಾಮ್ ಹಾಕಿಸಿದ್ದರೂ ಆ ಐದಾರು ಸೆಕೆಂಡ್ ಹಾಗೇ ಇರುತ್ತಿತ್ತು. ಇಂಡೆಕ್ಸ್ ಹಾಕಿದ ಮೇಲೆ ಮುಟ್ಟಬೇಕಾದ ಪುಟಗಳು ನಾಲ್ಕು ಸಾವಿರಕ್ಕೆ ಇಳಿದವು. ಮಜಾ ಏನೆಂದರೆ, ಸರ್ವರ್ ಈಗಷ್ಟೇ ಶುರುಮಾಡಿ ಓಡಿಸಿದರೆ ಹಿಟ್ ರೇಶಿಯೊ ಮೊದಲಿಗಿಂತ ಎಷ್ಟೋ ಕೆಳಗೆ, ಆದರೆ ಡಿಸ್ಕ್ ಈಗಿನ ವೇಗದ್ದಾದರೆ ಪಟ್ಟಿ ತಟ್ಟನೆ ಬರುತ್ತದೆ.

ಈ ನಡುವೆ ಡಿಸ್ಕೂ ಬದಲಾಯಿತು. 2008ರ ನಂತರ ಎಸ್‌ಎಸ್‌ಡಿಗಳು ಸಾಮಾನ್ಯವಾದವು. ಅದರಲ್ಲಿ ಸುತ್ತುವ ತಟ್ಟೆ ಇಲ್ಲ, ಸರಿಯುವ ಮುಳ್ಳಿಲ್ಲ. ಒಂದು ಓದಿಗೆ ಸುಮಾರು 100 ಮೈಕ್ರೊಸೆಕೆಂಡ್. ಆದರೆ ಸೆಟ್ಟಿಂಗ್‌ಗಳಲ್ಲಿ ಹಳೇ ಡಿಸ್ಕ್ ಇನ್ನೂ ಸುತ್ತುತ್ತಲೇ ಇದೆ. ಪೋಸ್ಟ್‌ಗ್ರೆಸ್‌ನ 'ರ‍್ಯಾಂಡಮ್ ಪೇಜ್ ಕಾಸ್ಟ್' ಈಗಲೂ 4ರಲ್ಲೇ ಬರುತ್ತದೆ. ಅಲ್ಲಲ್ಲಿ ಹಾರಿ ಓದುವುದು ಸಾಲಾಗಿ ಓದುವುದಕ್ಕಿಂತ ನಾಲ್ಕು ಪಟ್ಟು ದುಬಾರಿ ಎಂದರ್ಥ. ಎಸ್‌ಎಸ್‌ಡಿ ಇದ್ದವರು ಇದನ್ನು ಹೆಚ್ಚಾಗಿ 1.1ಕ್ಕೆ ಇಳಿಸುತ್ತಾರೆ. ಇಳಿಸದಿದ್ದರೆ, ಇಂಡೆಕ್ಸ್ ಇದ್ದರೂ ಕೆಲವು ಸಲ ಪ್ಲ್ಯಾನರ್ (ಹೇಗೆ ಓದಬೇಕೆಂದು ತೀರ್ಮಾನಿಸುವ ಭಾಗ) ಅದನ್ನು ಬಿಟ್ಟು ಇಡೀ ಟೇಬಲ್ ಓದಲು ಹೊರಡುತ್ತದೆ. ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯುಎಲ್‌ನ ಬಫರ್ ಪೂಲ್ ಬಹಳ ಕಾಲದಿಂದ 128 ಎಂಬಿಯಲ್ಲೇ ಬರುತ್ತಿದೆ. 16 ಜಿಬಿ ರ‍್ಯಾಮ್ ಹಾಕಿಸಿ ಸೆಟ್ಟಿಂಗ್‌ನ ಆ ಸಾಲು ಮುಟ್ಟದೆ ಬಿಟ್ಟವರೂ ಇದ್ದಾರೆ. ದುಡ್ಡು ಕೊಟ್ಟಿದ್ದಷ್ಟೇ ಬಂತು, ಅಲ್ವಾ?

ಬರೆಯುವ ಕಡೆ ಮಾತ್ರ ಮೆಮೊರಿ ಎಷ್ಟಿದ್ದರೂ ಡಿಸ್ಕ್ ತಪ್ಪುವುದಿಲ್ಲ. ಬಿಲ್ ಸೇವ್ ಆಯಿತು ಎನ್ನುವ ಮೊದಲು ಲಾಗ್ (ಬದಲಾವಣೆಗಳನ್ನು ಬರೆದಿಡುವ ಕಡತ) ಡಿಸ್ಕ್‌ಗೆ ಇಳಿದಿರಲೇಬೇಕು. ಈ ಕೆಲಸದ ಹೆಸರು ಎಫ್‌ಸಿಂಕ್. ಇದನ್ನು ಆಫ್ ಮಾಡಿದರೆ ವೇಗ ಥಟ್ಟನೆ ಏರುತ್ತದೆ, ಅದಕ್ಕೇ ಈ ಸಲಹೆ ಕೊಡುವವರೂ ಸಿಗುತ್ತಾರೆ. ಮೇ ತಿಂಗಳ ಬಿಸಿಲಲ್ಲಿ ಎಷ್ಟೊತ್ತಿಗೆ ಕರೆಂಟ್ ಹೋಗುತ್ತದೋ ಹೇಳಲಾಗದ ನಮ್ಮ ಕಡೆ ಆ ಸಾಲನ್ನು ಮುಟ್ಟಲೇಬೇಡಿ. ಯುಪಿಎಸ್ ಬ್ಯಾಟರಿ ಹೊಸದಿದ್ದರೂ ಸರಿ.