‘ಬರ್ತ್‌ಡೇ’ ಅಂತ ಹುಡುಕಿದರೆ ಅಜ್ಜಿ ಸಿಗುವುದಿಲ್ಲ

ಸುಮಾರು 1910ರ ಹೊತ್ತಿಗೆ ಅಮೆರಿಕದ ಹಳ್ಳಿಗಾಡಿನ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು. ಇಂಥವರ ತಾಯಿಗೆ ಮುಂದಿನ ವಾರ 80 ತುಂಬುತ್ತದೆ, ಪರಿಚಯದವರೆಲ್ಲ ಒಂದೊಂದು ಕಾರ್ಡು ಹಾಕಿ ಅಂತ. ಇದಕ್ಕೆ ‘ಪೋಸ್ಟ್‌ಕಾರ್ಡ್ ಶವರ್’ ಎಂದು ಹೆಸರು. ಕಾರ್ಡುಗಳ ಮಳೆ! ಎಷ್ಟು ಕಾರ್ಡು ಬಂದವು ಅನ್ನುವ ಲೆಕ್ಕವೂ ಆಮೇಲೆ ಅಚ್ಚಾಗುತ್ತಿತ್ತು.

ಆ ಕಾಲಕ್ಕೇ ಯಾಕೆ? 1902ರ ಹೊತ್ತಿಗೆ ಅಂಚೆಯವನು ಹೊಲದ ನಡುವಿನ ಮನೆಗಳಿಗೂ ಬರುವ ವ್ಯವಸ್ಥೆ ಗಟ್ಟಿಯಾಗಿತ್ತು. 1907ರ ಮಾರ್ಚ್‌ನಿಂದ ಚಿತ್ರದ ಕಾರ್ಡಿನಲ್ಲಿ ವಿಳಾಸದ ಪಕ್ಕವೇ ನಾಲ್ಕು ಸಾಲು ಬರೆಯಲು ಅನುಮತಿ ಸಿಕ್ಕಿತು. ಅಂಚೆ ಖರ್ಚು ಒಂದು ಸೆಂಟ್. 1908ರ ಜೂನ್‌ಗೆ ಮುಗಿದ ವರ್ಷದಲ್ಲಿ ಆ ದೇಶದ ಅಂಚೆಯಲ್ಲಿ ಸುಮಾರು 67 ಕೋಟಿ ಕಾರ್ಡುಗಳು ಓಡಾಡಿದವು. ಜನ ಇದ್ದದ್ದು ಒಂಬತ್ತು ಕೋಟಿಗೂ ಕಡಿಮೆ.

ಇಂಥ ಸುದ್ದಿಯನ್ನು ಬರೆಯುತ್ತಿದ್ದವರು ಹೆಚ್ಚಾಗಿ ಊರಿನವರೇ. ಹೆಸರು ಅಚ್ಚಾದವರು ಪತ್ರಿಕೆ ಕೊಳ್ಳುತ್ತಾರೆ ಅಂತ ಸಂಪಾದಕರಿಗೆ ಗೊತ್ತು. ಹಾಗಾಗಿ ಹುಟ್ಟುಹಬ್ಬದ ಅಚ್ಚರಿ ಪಾರ್ಟಿಗೆ ಬಂದವರ ಪಟ್ಟಿ ಒಮ್ಮೊಮ್ಮೆ ಪಾರ್ಟಿಯ ವರ್ಣನೆಗಿಂತ ಉದ್ದ. ಊಟ ಏನು, ಎಲ್ಲರೂ ದುಡ್ಡು ಹಾಕಿ ಯಾವ ಕುರ್ಚಿ ತಂದರು, ದೂರದ ಊರಿಂದ ಬಂದ ಮಗಳು ಯಾರು, ಎಲ್ಲ ಸಿಗುತ್ತದೆ. ಮನೆತನದ ಚರಿತ್ರೆ ಹುಡುಕುವವರಿಗೆ ಇದು ಚಿನ್ನ. 1890ರ ಜನಗಣತಿಯ ಮನೆಮನೆ ಪಟ್ಟಿಗಳು 1921ರ ಬೆಂಕಿಯ ಅನಾಹುತದಿಂದಾಗಿ ಬಹುಪಾಲು ಉಳಿದಿಲ್ಲ. ಆ ಖಾಲಿ ಜಾಗವನ್ನು ತುಂಬಲು ಇಂಥ ಚಿಲ್ಲರೆ ಸುದ್ದಿಗಳೂ ಬೇಕಾಗುತ್ತವೆ.

ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2007ರಿಂದ ‘ಕ್ರಾನಿಕ್ಲಿಂಗ್ ಅಮೆರಿಕ’ ಎಂಬ ತಾಣದಲ್ಲಿ ಹಳೆಯ ಪತ್ರಿಕೆಗಳನ್ನು ಉಚಿತವಾಗಿ ಇಟ್ಟಿದೆ. ಹೆಸರು ಹಾಕಿದರೆ ಆಯಿತಲ್ವಾ? ಇಲ್ಲ, ತೊಡಕು ಶುರುವಾಗುವುದೇ ಅಲ್ಲಿ. ಪುಟದ ಚಿತ್ರವನ್ನು ಅಕ್ಷರಕ್ಕೆ ತಿರುಗಿಸುವುದು ಓಸಿಆರ್ ಎಂಬ ತಂತ್ರಾಂಶ. ಅದು ನೋಡುವುದು ಕಪ್ಪು-ಬಿಳುಪಿನ ಆಕಾರವನ್ನು ಮಾತ್ರ. ಮರದ ತಿರುಳಿನ ಅಗ್ಗದ ಕಾಗದ ಹಳದಿಯಾಗಿರುತ್ತದೆ, ಶಾಯಿ ಹರಡಿರುತ್ತದೆ, ಆಮೇಲೆ ತೆಗೆದ ಮೈಕ್ರೋಫಿಲ್ಮ್ (ಪುಟಗಳ ಪುಟ್ಟ ಫೋಟೋಗಳ ಸುರುಳಿ) ಮಸುಕಾಗಿರುತ್ತದೆ. ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಅಂಟಿಕೊಂಡರೆ ಯಂತ್ರಕ್ಕೆ ಅದು ‘ಎಮ್’. ಅಂಕಣ ಸಣ್ಣದಾದ್ದರಿಂದ ‘ಬರ್ತ್’ ಒಂದು ಸಾಲಿನ ಕೊನೆಗೆ, ‘ಡೇ’ ಕೆಳಗಿನ ಸಾಲಿಗೆ. ಹುಡುಕಾಟದಲ್ಲಿ ಪದ ತಪ್ಪಿಹೋಯಿತು!

ತಪ್ಪೆಲ್ಲ ಯಂತ್ರದ್ದಲ್ಲ. ಮದುವೆಯಾದ ಹೆಂಗಸಿನ ಸ್ವಂತ ಹೆಸರನ್ನು ಪತ್ರಿಕೆ ಬರೆಯುತ್ತಲೇ ಇರಲಿಲ್ಲ ಅನ್ನಬಹುದು. ಗಂಡನ ಹೆಸರಿನ ಹಿಂದೆ ‘ಮಿಸೆಸ್’ ಅಂತ ಅಂಟಿಸಿದರೆ ಮುಗಿಯಿತು. ಬರ್ತ್‌ಡೇ ಅನ್ನುವ ಬದಲು ‘ಎಂಬತ್ತನೇ ಮೈಲಿಗಲ್ಲು ದಾಟಿದರು’ ಅಂತ ಬರೆಯುವ ಶೋಕಿಯೂ ಇತ್ತು. ಅಜ್ಜಿಯನ್ನು ಹುಡುಕಬೇಕಾದರೆ ಅಜ್ಜನ ಹೆಸರು ಮತ್ತು ಮೈಲಿಗಲ್ಲು ಎರಡನ್ನೂ ಹಾಕಿ ನೋಡಬೇಕು.

ಸಿಕ್ಕ ವಯಸ್ಸನ್ನು ಸುಮ್ನೆ ನಂಬುವಂತಿಲ್ಲ. ನಮ್ಮಲ್ಲಿ ಮೇಷ್ಟ್ರು ಬರೆದುಬಿಟ್ಟ ‘ಜೂನ್ 1’ ಎಷ್ಟು ಜನರ ಹುಟ್ಟಿದ ದಿನವಾಗಿದೆ ನೋಡಿ! ಅಲ್ಲಿ ತಾಳೆ ನೋಡಲು 1900ರ ಜನಗಣತಿ ಚೆನ್ನಾಗಿ ಒದಗುತ್ತದೆ. ಅದರಲ್ಲಿ ಪ್ರತಿಯೊಬ್ಬರೂ ಹುಟ್ಟಿದ ತಿಂಗಳು, ವರ್ಷವನ್ನು ಕೇಳಿದ್ದರು.

ಒಂದು ತಾರೀಖು ಮಾತ್ರ ಎಷ್ಟು ಹುಡುಕಿದರೂ ಸಿಗದು: 1900ರ ಫೆಬ್ರವರಿ 29. ನೂರರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾಗದಿದ್ದರೆ ಅದು ಅಧಿಕ ವರ್ಷವಲ್ಲ. ಹಾಗಾಗಿ 1896ರ ಫೆಬ್ರವರಿ 29ಕ್ಕೆ ಹುಟ್ಟಿದ ಮಗುವಿಗೆ ಅದೇ ತಾರೀಖು ಮೊದಲ ಸಲ ಬಂದದ್ದು 1904ರಲ್ಲಿ, ಎಂಟು ತುಂಬಿದಾಗ. ಅದು ಸೋಮವಾರ. ಹುಡುಕುವವರು ಆ ಮಾರ್ಚ್ ಮೊದಲ ವಾರದ ಸಂಚಿಕೆಗಳನ್ನು ತೆರೆದು ನೋಡಬಹುದು.